ಹಳೇ ಟ್ರಾನ್ಸ್‌ಪ್ಲಾಂಟ್, ಹೊಸ ಚುಕ್ಕೆಗಳು: ಸ್ಕಾಲ್ಪ್ ಮೈಕ್ರೋಪಿಗ್ಮೆಂಟೇಷನ್‌ನ ಒಂದು ಪ್ರಕರಣ

ಇವರಿಗೆ 41 ವರ್ಷ. ಜಮೀನು ಅಳೆಯುವ ಕೆಲಸ, ಅಂದರೆ ದಿನದ ಮುಕ್ಕಾಲು ಪಾಲು ಬಿಸಿಲಲ್ಲೇ. ಕೂದಲು ಉದುರಲು ಶುರುವಾಗಿದ್ದು 23ರ ಸುಮಾರಿಗೆ. 29ರಲ್ಲಿ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡಿದ್ದರು. ನನ್ನ ಹತ್ತಿರ ಬಂದಾಗ ತಲೆ ಹೀಗಿತ್ತು: ಹಣೆಯ ಮೇಲೆ ಎರಡು ಬೆರಳಗಲದ ಪಟ್ಟಿಯಲ್ಲಿ ಗಟ್ಟಿ ಕೂದಲು. ಅದರ ಹಿಂದೆ ನೆತ್ತಿ ದಾಟಿ ಸುಳಿಯವರೆಗೂ ಬೋಳು. ಪಕ್ಕದಲ್ಲಿ, ಹಿಂದೆ ದಟ್ಟ ಕೂದಲು, ಕಿವಿಯ ಹತ್ತಿರ ಸ್ವಲ್ಪ ನರೆ. ಆ ಕೂದಲನ್ನು ಸರಿಸಿದರೆ ತಲೆಯ ಹಿಂಭಾಗದಲ್ಲಿ ಕಿವಿಯಿಂದ ಕಿವಿಗೆ ಎಳೆದ ಒಂದು ಬಿಳಿ ಗೆರೆ.

ಇಂಥ ತಲೆ ನಮಗೆ ಹೊಸದಲ್ಲ. ಟ್ರಾನ್ಸ್‌ಪ್ಲಾಂಟ್‌ನಲ್ಲಿ ಹಿಂಭಾಗದ ಕೂದಲನ್ನು ಬುಡಸಮೇತ ತೆಗೆದು ಮುಂದೆ ನೆಡುತ್ತಾರೆ. ಹಿಂಭಾಗದ ಕೂದಲಿಗೆ ಗಂಡಸರ ಹಾರ್ಮೋನಿನಿಂದ ಉದುರುವ ಗುಣ ಕಡಿಮೆ. ಮುಂದೆ ನೆಟ್ಟರೂ ಆ ಗುಣ ಉಳಿದಿರುತ್ತದೆ. ಹಾಗಾಗಿ ಇವರ ನೆಟ್ಟ ಕೂದಲು ನಿಂತಿತು. ಅದರ ಹಿಂದಿದ್ದ ಸ್ವಂತ ಕೂದಲು ಮಾತ್ರ ಮುಂದಿನ ಹತ್ತು ವರ್ಷ ಉದುರುತ್ತಲೇ ಹೋಯಿತು. 29ರ ವಯಸ್ಸಿನಲ್ಲಿ ಮುಂಭಾಗವನ್ನಷ್ಟೇ ನೋಡಿ ನೆಟ್ಟರೆ ಹೀಗಾಗುವ ಸಾಧ್ಯತೆ ಜಾಸ್ತಿ. ಬಿಳಿ ಗೆರೆ ಕೂದಲು ತೆಗೆದ ಜಾಗದ್ದು. ಚರ್ಮದ ಒಂದು ಪಟ್ಟಿಯನ್ನೇ ಕತ್ತರಿಸಿ ಹೊಲಿಯುವ ವಿಧಾನದಲ್ಲಿ ಆ ಗುರುತು ಉಳಿದೇ ಉಳಿಯುತ್ತದೆ.

ಅವರು ಕೇಳಿದ್ದು ಇಷ್ಟು: "ಡಾಕ್ಟ್ರೇ, ನನಗೆ ಕೂದಲು ಬೇಕು ಅಂತ ಇಲ್ಲ. ಧೈರ್ಯವಾಗಿ ಬೋಳಿಸಿಕೊಂಡು ಓಡಾಡೋ ಹಾಗಾದರೆ ಸಾಕು. ಈಗ ಬೋಳಿಸಿದರೆ ಹಿಂದಿನ ಗೆರೆ ಕಾಣುತ್ತೆ, ಮುಂದಿನ ಪಟ್ಟಿ ಕಾಣುತ್ತೆ. ಬೋಳಿಸೋಕೂ ಆಗಲ್ಲ, ಬಿಡೋಕೂ ಆಗಲ್ಲ."

ಈ ಮಾತು ಕೇಳಿಯೇ ಅರ್ಧ ಕೆಲಸ ಆಯಿತು ಅನ್ನಿಸಿತು. ಯಾಕೆಂದರೆ ಸ್ಕಾಲ್ಪ್ ಮೈಕ್ರೋಪಿಗ್ಮೆಂಟೇಷನ್ ಎಂಬ ಈ ಚಿಕಿತ್ಸೆ ಕೊಡುವುದು ಬೋಳಿಸಿದ ತಲೆಯನ್ನೇ. ಕೂದಲಿನ ಬುಡದಷ್ಟು ಚಿಕ್ಕ ಸಾವಿರಾರು ಚುಕ್ಕೆಗಳನ್ನು ಸೂಜಿಯಿಂದ ಚರ್ಮದೊಳಗೆ ಇಡುತ್ತಾರೆ. ದೂರದಿಂದ ನೋಡಿದವರಿಗೆ ನಿನ್ನೆ ತಾನೇ ಟ್ರಿಮ್ಮರ್ ಹಾಕಿದ ತಲೆಯ ಹಾಗೆ ಕಾಣುತ್ತದೆ. ಒಂದು ಕೂದಲೂ ಹೊಸದಾಗಿ ಹುಟ್ಟುವುದಿಲ್ಲ. ಉದುರುವುದೂ ನಿಲ್ಲುವುದಿಲ್ಲ. "ಕೂದಲು ಬರುತ್ತಾ?" ಎಂದು ಕೇಳಿಕೊಂಡು ಬಂದವರನ್ನು ನಾನು ಇದಕ್ಕೆ ಕೂರಿಸುವುದಿಲ್ಲ. ಎಷ್ಟು ಚೆನ್ನಾಗಿ ಮಾಡಿದರೂ ಅವರಿಗೆ ಸಮಾಧಾನ ಆಗುವುದಿಲ್ಲ.

ಬೇರೆ ದಾರಿಗಳನ್ನೂ ಮಾತಾಡಿದೆವು. ಕೂದಲಿಗೆ ಹಚ್ಚುವ ಮಿನಾಕ್ಸಿಡಿಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ, ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆಗೆ 1997ರಲ್ಲಿ. ಎರಡೂ ತೆಳುವಾಗುತ್ತಿರುವ ಕೂದಲನ್ನು ಉಳಿಸಿಕೊಳ್ಳಲು ಒಳ್ಳೆಯವು. ವರ್ಷಗಳಿಂದ ನುಣುಪಾಗಿರುವ ನೆತ್ತಿಯ ಮೇಲೆ ಅವುಗಳಿಂದ ಹೆಚ್ಚೇನೂ ಆಗುವುದಿಲ್ಲ. ಇವರು ಮಿನಾಕ್ಸಿಡಿಲ್ ಹಚ್ಚಿ, ಬಿಟ್ಟು, ಮತ್ತೆ ಹಚ್ಚಿ ಬೇಸತ್ತಿದ್ದರು. ಬಿಟ್ಟರೆ ಬಂದಿದ್ದೂ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಇನ್ನೊಂದು ಟ್ರಾನ್ಸ್‌ಪ್ಲಾಂಟ್ ಮಾಡಿಸಬಹುದಿತ್ತು. ಆದರೆ ಹಿಂಭಾಗದಲ್ಲಿ ಉಳಿದ ಕೂದಲು ಅಷ್ಟು ದೊಡ್ಡ ಬೋಳಿಗೆ ಸಾಲುತ್ತಿರಲಿಲ್ಲ. ಚುಕ್ಕೆ ಹಾಕಿಸಿಕೊಂಡವರು ಮುಂದೆ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಳ್ಳಲು ಅಡ್ಡಿಯೇನೂ ಇಲ್ಲ.

ಮೊದಲ ದಿನ ನಾವು ಸೂಜಿ ಮುಟ್ಟಲಿಲ್ಲ. ನೆತ್ತಿಯ ಅಂಚಿನಲ್ಲಿ ಕೆಂಪು, ಎಣ್ಣೆಎಣ್ಣೆಯಾದ ಹೊಟ್ಟು ಇತ್ತು. ಸೆಬೊರಿಕ್ ಡರ್ಮಟೈಟಿಸ್. ಊದಿಕೊಂಡ ಚರ್ಮಕ್ಕೆ ಬಣ್ಣ ಹಾಕಿದರೆ ಸರಿಯಾಗಿ ಕೂರುವುದಿಲ್ಲ, ಗಾಯವೂ ಕೆರಳುತ್ತದೆ. ಕೀಟೊಕೊನಜೋಲ್ ಶಾಂಪೂ ಬರೆದು ಒಂದು ತಿಂಗಳು ಬಿಟ್ಟು ಬನ್ನಿ ಎಂದೆ. ಮುಖ ಸಪ್ಪೆಯಾಯಿತು. ರಜೆ ಹಾಕಿ ಬಂದಿದ್ದರು ಪಾಪ.

ಅವತ್ತೇ ಕೇಳಬೇಕಾದ್ದನ್ನೆಲ್ಲ ಕೇಳಿದೆ. ಗಾಯ ಆದ ಕಡೆ ಚರ್ಮ ಉಬ್ಬಿ ಬೆಳೆಯುವ ಕೀಲಾಯ್ಡ್ ಇದೆಯಾ, ಸೋರಿಯಾಸಿಸ್ ಅಥವಾ ತೊನ್ನು ಇದೆಯಾ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತೀರಾ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯಾ, ಹಿಂದೆ ಹಚ್ಚೆ ಹಾಕಿಸಿದಾಗ ಅಲರ್ಜಿ ಆಗಿತ್ತಾ. ಸೋರಿಯಾಸಿಸ್, ತೊನ್ನು ಇರುವವರಲ್ಲಿ ಸೂಜಿ ಚುಚ್ಚಿದ ಜಾಗದಲ್ಲೇ ಆ ಕಾಯಿಲೆ ಹೊಸದಾಗಿ ಏಳಬಹುದು. ಕೂದಲು ದುಂಡುದುಂಡಾಗಿ ಉದುರುತ್ತಿದ್ದರೆ, ನೆತ್ತಿಯಲ್ಲಿ ಉರಿ ನೋವು ಇದ್ದರೆ, ಮೊದಲು ಕಾರಣ ಹುಡುಕಬೇಕು. ದೊಡ್ಡ ಜ್ವರ ಬಂದು ಎರಡು ಮೂರು ತಿಂಗಳಿಗೆ ಗೊಂಚಲುಗೊಂಚಲಾಗಿ ಉದುರುವುದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಅದಕ್ಕೆ ಬಣ್ಣ ಹಾಕಿಸಿಕೊಂಡರೆ ಸುಮ್ನೆ ದಂಡ. ಇವರಿಗೆ ಇದ್ಯಾವುದೂ ಇರಲಿಲ್ಲ. ಕಿವಿಯ ಹಿಂದೆ ಕೆಲವು ಚುಕ್ಕೆ, ಬಿಳಿ ಗೆರೆಯ ಒಂದು ತುದಿಯಲ್ಲಿ ಕೆಲವು ಚುಕ್ಕೆ ಪರೀಕ್ಷೆಗೆ ಹಾಕುವುದನ್ನು ಮುಂದಿನ ಭೇಟಿಗೆ ಇಟ್ಟುಕೊಂಡೆವು.

ಒಂದು ತಿಂಗಳ ಮೇಲೆ ಹೊಟ್ಟು ಇಳಿದಿತ್ತು. ಪರೀಕ್ಷೆಯ ಚುಕ್ಕೆಗಳನ್ನು ಹಾಕಿ ಕಳಿಸಿದೆವು. ಅದಾದ ಮೇಲೆ ನಿಜವಾದ ಜಗಳ ಶುರುವಾಯಿತು: ಹೇರ್‌ಲೈನ್ ಎಲ್ಲಿ?

ಅವರು ಮೊಬೈಲಿನಲ್ಲಿ ಒಂದು ಫೋಟೊ ತಂದಿದ್ದರು. ಇಪ್ಪತ್ತರ ಹುಡುಗನ ಹಣೆ. ನೇರ ಗೆರೆ, ಎರಡೂ ಮೂಲೆ ಚೌಕವಾಗಿ ತುಂಬಿದ್ದು. ಸುತ್ತ ನೋಡಿದರೆ ಹೀಗೆ ಗೆರೆ ಹೊಡೆಸಿಕೊಂಡವರ ಫೋಟೊಗಳೇ ಹೆಚ್ಚು ಓಡಾಡುತ್ತವೆ, ಕ್ಯಾಮೆರಾದಲ್ಲಿ ಅವು ಚೆನ್ನಾಗಿಯೇ ಕಾಣುತ್ತವೆ. ಎದುರಿಗೆ ಕೂತು ನೋಡಿದರೆ ಬೇರೆ ಮಾತು. ಸ್ವಂತ ಕೂದಲಿನ ಅಂಚು ಎಂದೂ ನೇರವಾಗಿರುವುದಿಲ್ಲ. ಅಂಚಿನಲ್ಲಿ ಕೂದಲು ವಿರಳ, ಅಂಕುಡೊಂಕು, ಒಂದೆರಡು ಮುಂದೆ ಹಾರಿದ್ದು, ನಡುವೆ ಖಾಲಿ. ನಲವತ್ತು ದಾಟಿದವರಲ್ಲಿ ಎರಡು ಪಕ್ಕದ ಮೂಲೆಗಳು ಒಂದಿಷ್ಟು ಹಿಂದೆ ಸರಿದಿರುತ್ತವೆ. ಅದು ಇದ್ದರೇನೇ ನೋಡುವವರ ಕಣ್ಣು ಅನುಮಾನ ಪಡದೆ ಮುಂದೆ ಹೋಗುವುದು.

ಇವರ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಹಳೇ ಟ್ರಾನ್ಸ್‌ಪ್ಲಾಂಟಿನವರು ಕೂದಲನ್ನು ಹಣೆಯ ಮೇಲೆ ಸ್ವಲ್ಪ ಕೆಳಗೇ, ಸ್ವಲ್ಪ ನೇರವಾಗಿಯೇ ನೆಟ್ಟಿದ್ದರು. ಬೋಳಿಸಿದರೂ ಅದರ ಬುಡಗಳು ಕಾಣುತ್ತವೆ. ಹಾಗಾಗಿ ನಡುವಿನಲ್ಲಿ ಗೆರೆಯನ್ನು ಮೇಲೆ ತಗೊಂಡು ಹೋಗುವಂತಿರಲಿಲ್ಲ. ನನ್ನ ಸಲಹೆ ಇದು: ನಡುವಿನಲ್ಲಿ ನೆಟ್ಟ ಕೂದಲನ್ನೇ ಅಂಚಾಗಿ ಒಪ್ಪಿಕೊಳ್ಳೋಣ, ಅದರ ಮುಂದೆ ತಿಳಿ ಬಣ್ಣದ ಕೆಲವೇ ಚುಕ್ಕೆ ಚೆಲ್ಲಿ ಆ ನೇರವನ್ನು ಒಡೆಯೋಣ. ಮೂಲೆಗಳನ್ನು ತುಂಬುವುದು ಬೇಡ. ಅವರಿಗೆ ಮೂಲೆ ತುಂಬಲೇಬೇಕಿತ್ತು.

ಪೆನ್ಸಿಲಿನಲ್ಲಿ ಎರಡೂ ಗೆರೆ ಎಳೆದು, ಎರಡರದ್ದೂ ಫೋಟೊ ತೆಗೆದು ಮನೆಗೆ ಕಳಿಸಿದೆ. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬಂದರು. ಮೂಲೆ ತುಂಬಿದ ಗೆರೆಯ ಫೋಟೊ ತೋರಿಸಿ ಆಕೆ ಹೇಳಿದ್ದು: "ರೀ, ಇದು ಟೋಪಿ ಅಂಟಿಸಿದ ಹಾಗಿದೆ." ಅಲ್ಲಿಗೆ ಮೂಲೆ ವಿಷಯ ಮುಗಿಯಿತು. ನಾನು ಇನ್ನೊಂದು ಲೆಕ್ಕವನ್ನೂ ಹೇಳಿದೆ. ಮೂಲೆ ಆಮೇಲೆ ಬೇಕು ಅನ್ನಿಸಿದರೆ ಹತ್ತು ನಿಮಿಷದಲ್ಲಿ ಚುಕ್ಕೆ ಹಾಕಬಹುದು. ಹಾಕಿದ್ದನ್ನು ಬೇಡ ಅಂದರೆ ಲೇಸರ್ ಬೇಕು, ಅದೂ ಹಲವು ಸಲ. ಕಾರ್ಬನ್ ಕಪ್ಪು ಬಣ್ಣ ಲೇಸರಿಗೆ ಬೇಗ ಬಗ್ಗುತ್ತದೆ. ಕಬ್ಬಿಣದ ಆಕ್ಸೈಡ್ ಅಥವಾ ಟೈಟಾನಿಯಂ ಸೇರಿಸಿದ ಬಣ್ಣವಾದರೆ ಲೇಸರ್ ಬಿದ್ದ ತಕ್ಷಣ ಇನ್ನೂ ಕಪ್ಪಾಗಿಬಿಡುವುದೂ ಉಂಟು.

ಬಣ್ಣದ ಗಾಢತೆ ವಿಷಯದಲ್ಲೂ ಹೀಗೇ. ಜನ ತಮ್ಮ ಕೂದಲು ಕಪ್ಪು, ಹಾಗಾಗಿ ಚುಕ್ಕೆಯೂ ಕಪ್ಪಿರಬೇಕು ಅಂದುಕೊಳ್ಳುತ್ತಾರೆ. ಬೋಳಿಸಿದ ತಲೆಯಲ್ಲಿ ಕಾಣುವುದು ಚರ್ಮದ ಕೆಳಗಿನಿಂದ ಇಣುಕುವ ಬುಡ. ಅದರ ಬಣ್ಣ ಬೂದಿಗೆ ಹತ್ತಿರ. ನೀರುಬೆರೆತ ತಿಳಿ ಕಪ್ಪಿನಿಂದ ಶುರುಮಾಡಿ ಒಂದೊಂದೇ ಸಿಟ್ಟಿಂಗ್‌ನಲ್ಲಿ ಗಾಢ ಮಾಡುತ್ತಾ ಹೋಗುವುದೇ ಸರಿ. ಈ ನೀರು ಸ್ಟೆರೈಲ್ ಆಗಿರಬೇಕು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಲ್ಲಿ ನೀರಿನಲ್ಲಿ ತೆಳು ಮಾಡಿದ ಹಚ್ಚೆ ಬಣ್ಣದಿಂದ ಮೈಕೋಬ್ಯಾಕ್ಟೀರಿಯಾ ಜಾತಿಯ ಸೋಂಕು ತಗುಲಿ ತಿಂಗಳುಗಟ್ಟಲೆ ಔಷಧ ತಿಂದವರಿದ್ದಾರೆ. ಸೂಜಿ ಒಬ್ಬರಿಗೆ ಒಂದೇ ಸಲ, ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು. ಹೆಪಟೈಟಿಸ್ ಬಿ, ಸಿ ಹರಡಲು ಹಳೇ ಸೂಜಿಯೊಂದೇ ಸಾಕು.

ಮೊದಲ ಸಿಟ್ಟಿಂಗ್ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ನಡೆಯಿತು. ಮರಗಟ್ಟಿಸುವ ಕ್ರೀಮ್ ಹಚ್ಚಿದ್ದರೂ ಹಣೆಯ ಅಂಚಿನಲ್ಲಿ ಮತ್ತು ಕಿವಿಯ ಮೇಲ್ಭಾಗದಲ್ಲಿ ಹಲ್ಲು ಕಚ್ಚಿಕೊಂಡರು. ನೆತ್ತಿಯ ನಡುವೆ ನಿದ್ದೆಯೇ ಬಂತು. ಸೂಜಿ ಹೋಗುವುದು ಒಂದು ಮಿಲಿಮೀಟರಿನ ಆಸುಪಾಸು, ಅದಕ್ಕೂ ಕಡಿಮೆ. ಈ ಕಸುಬಿನ ಇಡೀ ಕೌಶಲ ಇರುವುದು ಅಲ್ಲೇ. ಚರ್ಮದ ಮೇಲ್ಪದರದಲ್ಲೇ ನಿಂತರೆ ಆ ಪದರ ಉದುರುವಾಗ ಬಣ್ಣವೂ ಹೋಗುತ್ತದೆ. ತೀರಾ ಆಳಕ್ಕೆ ಹೋದರೆ ಚುಕ್ಕೆ ಹರಡಿ ದಪ್ಪಗಾಗುತ್ತದೆ, ಮೇಲಿಂದ ನೋಡಿದರೆ ನೀಲಿ ಕಾಣುತ್ತದೆ. ಚರ್ಮದಡಿಯ ರಕ್ತನಾಳಗಳು ನೀಲಿ ಕಾಣುವುದಕ್ಕೂ ಇದಕ್ಕೂ ಕಾರಣ ಹೆಚ್ಚುಕಡಿಮೆ ಒಂದೇ. ಆಳದಲ್ಲಿರುವ ಕಪ್ಪು ವಸ್ತುವನ್ನು ಚರ್ಮದ ಮೂಲಕ ನೋಡಿದರೆ ಬೆಳಕು ಚದುರಿ ನೀಲಿಯೇ ಹೆಚ್ಚು ನಮ್ಮ ಕಣ್ಣಿಗೆ ಬರುತ್ತದೆ. ತಲೆಯ ಚರ್ಮ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಅದಕ್ಕೇ ಕೈ ಪಳಗಿದವರು ಬೇಕು. ತೋಳಿಗೆ ಹಚ್ಚೆ ಹಾಕುವವರು ಎಷ್ಟೇ ಒಳ್ಳೆ ಕಲಾವಿದರಾದರೂ ಇದು ಬೇರೆ ಕೆಲಸ.

ಕನ್ನಡಿಯಲ್ಲಿ ನೋಡಿಕೊಂಡು ಖುಷಿಯಾಗಿ ಹೋದರು. ನಾನು ಮೊದಲೇ ಹೇಳಿದ್ದೆ: ಇವತ್ತು ಕಾಣುವುದು ನಿಜವಾದ ಬಣ್ಣ ಅಲ್ಲ. ಎರಡು ಮೂರು ದಿನ ಕೆಂಪಿರುತ್ತದೆ, ಚುಕ್ಕೆಗಳ ಮೇಲೆ ಪುಟ್ಟ ಹೆಕ್ಕಳೆ ಕಟ್ಟಿ ಗಾಢ ಕಾಣುತ್ತದೆ. ವಾರದಲ್ಲಿ ಅವು ಉದುರಿದಾಗ ಅರ್ಧಕ್ಕರ್ಧ ಹೋಯಿತು ಅನ್ನಿಸುತ್ತದೆ. ಹೇಳಿದ್ದರೂ ಎಂಟನೇ ದಿನ ಫೋನ್ ಬಂತು. "ಡಾಕ್ಟ್ರೇ, ಎಲ್ಲ ಅಳಿಸಿಹೋಗಿದೆ." ಫೋಟೊ ತರಿಸಿ ನೋಡಿದೆ. ಇರಬೇಕಾದ ಹಾಗೇ ಇತ್ತು. ಮೊದಲ ಸಿಟ್ಟಿಂಗ್ ಅಡಿಪಾಯ ಮಾತ್ರ, ಚುಕ್ಕೆಗಳ ನಡುವೆ ಬೇಕಂತಲೇ ಜಾಗ ಬಿಟ್ಟಿರುತ್ತೇವೆ. ಈ ಹಂತದಲ್ಲಿ ಹೆದರಿ ಬೇರೆಲ್ಲೋ ಹೋಗಿ ಮೇಲೆ ಗಾಢವಾಗಿ ಹಾಕಿಸಿಕೊಂಡವರ ತಲೆಯನ್ನು ಸರಿಮಾಡುವುದು ಬಹಳ ಕಷ್ಟ.

ಆ ಮೊದಲ ವಾರದ ಪಥ್ಯವೇ ಅವರಿಗೆ ಸೂಜಿಗಿಂತ ಕಷ್ಟವಾಗಿದ್ದು. ಮೂರು ನಾಲ್ಕು ದಿನ ತಲೆಗೆ ನೀರಿಲ್ಲ, ಬೆವರುವ ಕೆಲಸ ಇಲ್ಲ, ರೇಜರ್ ಇಲ್ಲ, ಹೆಕ್ಕಳೆ ಕೀಳುವಂತಿಲ್ಲ. ಈಜು ಮತ್ತು ಬಿಸಿಲು ಒಂದು ತಿಂಗಳು ದೂರ. ಬಿಸಿಲಲ್ಲೇ ಅನ್ನ ಹುಟ್ಟಿಸಿಕೊಳ್ಳುವ ಮನುಷ್ಯ ಏನು ಮಾಡಬೇಕು? ಕಚೇರಿಯೊಳಗಿನ ನಕ್ಷೆ ಕೆಲಸ ಕೇಳಿ ಹಾಕಿಸಿಕೊಂಡರು. ಹಾಗೆ ಆಗದಿದ್ದರೆ ಚಿಕಿತ್ಸೆಯನ್ನೇ ಮುಂದೂಡುತ್ತಿದ್ದೆ.

ಎರಡನೇ ಸಿಟ್ಟಿಂಗ್ ಎರಡು ವಾರದ ನಂತರ. ದಟ್ಟಣೆ ಹೆಚ್ಚಿಸಿ, ಪಕ್ಕದ ಸ್ವಂತ ಕೂದಲಿನೊಳಗೂ ಕೆಲವು ಚುಕ್ಕೆ ಬಿಟ್ಟು, ಎಲ್ಲಿ ಚುಕ್ಕೆ ಮುಗಿದು ಎಲ್ಲಿ ಕೂದಲು ಶುರು ಎಂದು ಗೊತ್ತಾಗದ ಹಾಗೆ ಮಾಡಿದೆವು. ಮೂರನೆಯದು ಹಣೆಯ ಅಂಚಿನ ಸಣ್ಣಪುಟ್ಟ ಕೆಲಸ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಿಟ್ಟಿಂಗ್‌ನಲ್ಲಿ ಮುಗಿಯುವ ಕೆಲಸ ಇದು.

ಬಿಳಿ ಗೆರೆಯದ್ದು ಬೇರೆಯದೇ ಕಥೆ. ಗಾಯ ಮಾಗಿದ ಚರ್ಮ ಮಾಮೂಲಿ ಚರ್ಮದ ಹಾಗೆ ಬಣ್ಣ ಹಿಡಿಯುವುದಿಲ್ಲ. ಒಂದು ಕಡೆ ಚುಕ್ಕೆ ಹರಡುತ್ತದೆ, ಪಕ್ಕದಲ್ಲೇ ಹಿಡಿಯುವುದೇ ಇಲ್ಲ. ಪರೀಕ್ಷೆಗೆ ಹಾಕಿದ್ದ ಚುಕ್ಕೆಗಳಲ್ಲಿ ಕೆಲವು ಮಾಯವಾಗಿದ್ದವು, ಎರಡು ದಪ್ಪಗಾಗಿದ್ದವು. ಅದರಿಂದ ತಿಳಿದ ಪಾಠದಂತೆ ಅಲ್ಲಿ ಇನ್ನೂ ಮೇಲುಮೇಲಕ್ಕೆ, ಇನ್ನೂ ದೂರದೂರಕ್ಕೆ ಹಾಕಿದರು ನಮ್ಮ ಟೆಕ್ನಿಷಿಯನ್. ಮೂರು ಸಿಟ್ಟಿಂಗ್ ಸಾಲದೆ, ಒಂದೂವರೆ ತಿಂಗಳು ಬಿಟ್ಟು ಗೆರೆಗೆ ಮಾತ್ರ ಇನ್ನೊಂದು ಸಲ ಕೂರಿಸಿದೆವು.

ಫಲ ಏನು? ಗೆರೆ ಮಾಯ ಆಗಿಲ್ಲ. ಬಿಳಿ ಹೋಗಿ ಸುತ್ತಲಿನ ಬಣ್ಣಕ್ಕೆ ಹತ್ತಿರ ಬಂದಿದೆ. ಆದರೆ ಗೆರೆಯ ಒಂದು ಭಾಗ ಸ್ವಲ್ಪ ತಗ್ಗಾಗಿದೆ, ಅಲ್ಲಿ ಪಕ್ಕದಿಂದ ಬೆಳಕು ಬಿದ್ದರೆ ನೆರಳು ಕಾಣುತ್ತದೆ. ಬಣ್ಣದಿಂದ ಬಣ್ಣವನ್ನು ಸರಿಮಾಡಬಹುದು, ಉಬ್ಬುತಗ್ಗನ್ನು ಆಗುವುದಿಲ್ಲ. ಇದನ್ನು ಮೊದಲೇ ಬರೆದು ಸಹಿ ಹಾಕಿಸಿಕೊಂಡಿದ್ದೆ. ಅವರಿಗೂ ಬೇಸರ ಇರಲಿಲ್ಲ. ಹಿಂದೆ ನಿಂತವರು ಕೇಳುವುದು ನಿಂತಿದೆ, ಅಷ್ಟು ಸಾಕು ಅಂದರು.

ಇನ್ನು ದಿನದಿನದ ಬದುಕು. ಮಾರು ದೂರದಿಂದ, ಕೈಕುಲುಕುವಷ್ಟು ಹತ್ತಿರದಿಂದ, ನೋಡಿದವರಿಗೆ ಇದು ನೀಟಾಗಿ ಬೋಳಿಸಿದ ತಲೆ. ಗೇಣು ದೂರಕ್ಕೆ ಬಂದು ನೆಟ್ಟ ದೃಷ್ಟಿಯಲ್ಲಿ ನೋಡಿದರೆ ಚುಕ್ಕೆ ಎಂದು ಗೊತ್ತಾಗಬಹುದು. ಮುಟ್ಟಿದರೆ ಖಂಡಿತ ಗೊತ್ತಾಗುತ್ತದೆ: ಪಕ್ಕದಲ್ಲಿ ಒರಟು, ಮೇಲೆ ನುಣುಪು. ಜಾಹೀರಾತಿನಲ್ಲಿ ಯಾರೂ ಹೇಳದ ವಿಷಯ ರೇಜರಿನದು. ಎರಡು ದಿನ ಬಿಟ್ಟರೆ ಪಕ್ಕದ ಕೂದಲು, ಮುಂದಿನ ನೆಟ್ಟ ಪಟ್ಟಿ ಎರಡೂ ಬೆಳೆದು ನಿಲ್ಲುತ್ತವೆ, ಮೇಲಿನ ಚುಕ್ಕೆ ಅಲ್ಲೇ ಇರುತ್ತವೆ. ಆಗ ಗುಟ್ಟು ಬಯಲು. ಹಾಗಾಗಿ ಇವರು ದಿನ ಬಿಟ್ಟು ದಿನ ಬೋಳಿಸುತ್ತಾರೆ. ಹಬ್ಬ ಇರಲಿ, ಜ್ವರ ಇರಲಿ. ಚಿಕಿತ್ಸೆಗೆ ಮುಂಚೆ ಒಂದು ತಿಂಗಳು ಹೀಗೆ ಬೋಳಿಸಿ ನೋಡಿ, ಬೇಸರ ಬರುತ್ತಾ ತಿಳಿಯುತ್ತದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹೊಟ್ಟು ಇಳಿಯಲು ಕೊಟ್ಟಿದ್ದ ಆ ಒಂದು ತಿಂಗಳಲ್ಲೇ ಇವರು ಇದನ್ನೂ ಮಾಡಿ ಮುಗಿಸಿದ್ದರು.

ಹೊಳಪೂ ಒಂದು ಸಮಸ್ಯೆ. ಕೂದಲು ಬೆಳಕನ್ನು ಹೀರುತ್ತದೆ, ಬೋಳು ಚರ್ಮ ಮಿಂಚುತ್ತದೆ. ಚುಕ್ಕೆ ಇದ್ದೂ ಮೇಲೆ ಮಿಂಚಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಮ್ಯಾಟ್ ಅಂತ ಬರೆದಿರುವ ಸನ್‌ಸ್ಕ್ರೀನ್ ಹಚ್ಚಿದರೆ ಒಂದೇ ಏಟಿಗೆ ಎರಡೂ ಕೆಲಸ ಆಗುತ್ತದೆ.

ಸನ್‌ಸ್ಕ್ರೀನ್ ಯಾಕೆ ಬೇಕು ಎಂಬುದು ಹದಿನೆಂಟು ತಿಂಗಳ ಮೇಲೆ ತಪಾಸಣೆಗೆ ಬಂದಾಗ ಸ್ಪಷ್ಟವಾಗಿ ಕಂಡಿತು. ನೆತ್ತಿಯ ಮೇಲಿನ ಬಣ್ಣ ಚೆನ್ನಾಗಿ ನಿಂತಿತ್ತು. ತಲೆಯ ಹಿಂದೆ ಮಾತ್ರ ಅರ್ಧಚಂದ್ರದ ಆಕಾರದಲ್ಲಿ ಒಂದು ಜಾಗ ಮಾಸಿತ್ತು. ಇದೆಲ್ಲಿಂದ ಬಂತು? ಅವರ ಕೈಯಲ್ಲಿದ್ದ ಕ್ಯಾಪ್ ನೋಡಿದೆ. ಹಿಂದೆ ಬಿಗಿಮಾಡುವ ಪಟ್ಟಿಯ ಮೇಲೆ ಅಷ್ಟೇ ಅಗಲದ ಕಿಂಡಿ! ದಿನವಿಡೀ ಬಗ್ಗಿ ಯಂತ್ರದೊಳಗೆ ಇಣುಕುವ ಕೆಲಸ, ಬಿಸಿಲು ನೇರವಾಗಿ ಆ ಕಿಂಡಿಗೇ. ಈಗ ಸುತ್ತಲೂ ಅಂಚಿರುವ ಹ್ಯಾಟ್ ಹಾಕುತ್ತಾರೆ.

ಬಿಸಿಲಿಲ್ಲದಿದ್ದರೂ ಬಣ್ಣ ನಿಧಾನವಾಗಿ ಮಾಸುತ್ತದೆ. ದೇಹದ ರಕ್ಷಣಾ ಕಣಗಳು ಬಣ್ಣವನ್ನು ನುಂಗಿ ಇಟ್ಟುಕೊಂಡಿರುತ್ತವೆ, ವರ್ಷಗಳು ಹೋದಂತೆ ಸ್ವಲ್ಪಸ್ವಲ್ಪ ಸಾಗಿಸುತ್ತವೆ. ಸಾಮಾನ್ಯವಾಗಿ ಮೂರರಿಂದ ಆರು ವರ್ಷಕ್ಕೊಮ್ಮೆ ಟಚ್‌ಅಪ್ ಬೇಕಾಗುತ್ತದೆ. "ಜೀವನಪೂರ್ತಿ ಹಾಗೇ ಇರುತ್ತೆ" ಅನ್ನುವವರನ್ನೂ ನಂಬಬೇಡಿ, "ನಾಲ್ಕು ವರ್ಷಕ್ಕೆ ಪೂರ್ತಿ ಹೋಗುತ್ತೆ, ಹೆದರಬೇಡಿ" ಅನ್ನುವವರನ್ನೂ ನಂಬಬೇಡಿ. ಎರಡನೆಯವರೇ ಜಾಸ್ತಿ ಅಪಾಯ, ಯಾಕೆಂದರೆ ಆ ಧೈರ್ಯದಲ್ಲೇ ಜನ ಗೆರೆಯನ್ನು ಹಣೆಯ ಕೆಳಕ್ಕೆ ಇಳಿಸಿಕೊಳ್ಳುವುದು.

ಉದ್ದ ಕೂದಲು ಉಳಿಸಿಕೊಂಡೇ ಬೈತಲೆ ಅಗಲ ಕಡಿಮೆ ಕಾಣಲಿ ಎಂದು ಬರುವ ಹೆಂಗಸರ ಲೆಕ್ಕ ಬೇರೆ. ಅಲ್ಲಿ ಚುಕ್ಕೆಯ ಕೆಲಸ ಕೂದಲಿಗೂ ಚರ್ಮಕ್ಕೂ ಇರುವ ಬಣ್ಣದ ಅಂತರ ಕಡಿಮೆ ಮಾಡುವುದಷ್ಟೇ, ರೇಜರಿನ ಗೋಳಿಲ್ಲ. ಆದರೆ ಕೂದಲು ಇನ್ನೂ ತೆಳುವಾದರೆ ಬಣ್ಣ ಮಾತ್ರ ಎದ್ದು ಕಾಣುತ್ತದೆ. ಹಾಗಾಗಿ ಉದುರುವುದನ್ನು ತಡೆಯುವ ಔಷಧ ಜೊತೆಗೇ ನಡೆಯಬೇಕು.

ಈ ಪ್ರಕರಣಕ್ಕೆ ಬಂದರೆ, ತಪಾಸಣೆಯ ದಿನ ಅವರದ್ದು ಒಂದೇ ಬೇಡಿಕೆ: ಒಟ್ಟಾರೆ ಇನ್ನೊಂದು ಛಾಯೆ ಕಪ್ಪು ಮಾಡಿ. ನಾನು ಒಪ್ಪಲಿಲ್ಲ. ಕಿವಿಯ ಹತ್ತಿರದ ನರೆ ಈ ಹದಿನೆಂಟು ತಿಂಗಳಲ್ಲಿ ಮೇಲಕ್ಕೆ ಏರಿದೆ. ಪಕ್ಕದ ಬುಡಗಳು ಬೆಳ್ಳಗಾಗುತ್ತಾ ಹೋದಂತೆ ಮೇಲಿನ ಚುಕ್ಕೆ ಕಪ್ಪಾಗಿದ್ದಷ್ಟೂ ಹೊಂದಿಕೆ ತಪ್ಪುತ್ತದೆ. ಕನ್ನಡಿ ಮುಂದೆ ನಿಲ್ಲಿಸಿ ಪಕ್ಕದ ಬಣ್ಣ, ಮೇಲಿನ ಬಣ್ಣ ಎರಡನ್ನೂ ತೋರಿಸಿದೆ. ಸ್ವಲ್ಪ ಹೊತ್ತು ತಲೆ ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡು, ಸರಿ ಅಂದರು. ಮಾಸಿದ ಅರ್ಧಚಂದ್ರಕ್ಕೆ ಮೊದಲಿದ್ದ ತಿಳಿ ಬಣ್ಣವನ್ನೇ ತುಂಬಿ ಕಳಿಸಿದೆವು. ಬಿಳಿ ಗೆರೆಯ ತಗ್ಗನ್ನು ಮುಟ್ಟಲಿಲ್ಲ. ಮುಂದಿನ ತಪಾಸಣೆ ಒಂದು ವರ್ಷಕ್ಕೆ. ಆಗ ನರೆ ಇನ್ನೂ ಮೇಲೇರಿದ್ದರೆ ನೆತ್ತಿಗೆ ಹೊಸ ಬಣ್ಣ ಹಾಕದೆ ಇರುವುದನ್ನೇ ಮಾಸಲು ಬಿಡುವ ಯೋಚನೆ ಇದೆ.